ಮಿಕ್ಸಿಯ ಇದ್ದಿಲೂ ರಬ್ಬರಿನ ಬಳೆಯೂ

ಕಳೆದ ಗೌರೀಹಬ್ಬದ ಹಿಂದಿನ ದಿನ ನಮ್ಮ ಅಡಿಗೆಮನೆಯಲ್ಲಿ ಒಂದು ಅನರ್ಥವು ಕೂದಲೆಳೆಯಲ್ಲಿ ತಪ್ಪಿತು. ಸೊಸೆಯು ಹೂರಣವನ್ನು ಅರೆಯಲೆಂದು ಮಿಕ್ಸಿಯನ್ನು ಹಾಕಿದಳು. ಒಳಗಿನಿಂದ ನೀಲಿ ಕಿಡಿಗಳು ಹಾರಿದುವು. ಸುಟ್ಟ ವಾಸನೆ ಬಂದಿತು. ಜಾರಿನ ಲೋಹಕ್ಕೆ ಬೆರಳು ತಗುಲಿದೊಡನೆ ಆಕೆಯ ತೋಳು ಜುಮ್ಮೆಂದಿತು. ದೈವಕೃಪೆಯಿಂದ ಕೈ ಹಿಂದಕ್ಕೆ ಬಂದಿತು.

ತಪ್ಪು ನಮ್ಮದೇ. ಜಾರಿನ ತಳದಲ್ಲಿ ನೀರು ಜಿನುಗುತ್ತಿದೆಯೆಂದು ಆಕೆ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. “ಬಟ್ಟೆಯಿಂದ ಒರಸಿಕೊಳ್ಳಮ್ಮ, ಅಷ್ಟಕ್ಕೆ ಖರ್ಚೇಕೆ?” ಎಂದವರು ನಾವು. ಅದಕ್ಕೂ ಮೊದಲು ರಿಪೇರಿಯವನೊಬ್ಬನು ಬೇರಾವುದೋ ಯಂತ್ರದ ಕಾರ್ಬನ್ ತುಂಡನ್ನು ಅರದಿಂದ ಉಜ್ಜಿ ಒಳಗೆ ತೂರಿಸಿದಾಗ, ಕಡಮೆಯಲ್ಲಿ ಕೆಲಸವಾಯಿತೆಂದು ಸಂತೋಷಪಟ್ಟವರೂ ನಾವೇ. ಆದಕಾರಣ, ಆಮೇಲೆ ಬಲ್ಲವರಿಂದ ಕೇಳಿ ತಿಳಿದುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವಾಗಿದೆ.

ಚರಕಸಂಹಿತೆಯಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ ಎಣ್ಣೆಯುಂಡ ಬಂಡಿಯ ಅಚ್ಚನ್ನು ದೃಷ್ಟಾಂತವಾಗಿ ಕೊಟ್ಟಿದೆ. ಎತ್ತಿನ ಗಾಡಿಯ ಮಂದಗತಿಗೆ ಕೀಲೆಣ್ಣೆಯೇ ಸಾಕು. ಮಿಕ್ಸಿಯ ಮೋಟಾರಾದರೋ ಬರಿದೇ ತಿರುಗುವಾಗ ನಿಮಿಷಕ್ಕೆ ಸುಮಾರು 18,000 ಸುತ್ತು, ಎಂದರೆ ಸೆಕೆಂಡಿಗೆ 300 ಸುತ್ತು ತಿರುಗುವುದು. ಅದರೊಳಗಿನ ತಾಮ್ರದ ಉರುಳೆಯ ಅಡ್ಡಳತೆ 25 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದರ ಮೈಯು ಗಂಟೆಗೆ 80 ಕಿಲೋಮೀಟರನ್ನು ಮೀರಿದ ವೇಗದಲ್ಲಿ ಓಡುವುದೆಂದು ಲೆಕ್ಕದಿಂದ ಕಾಣುವುದು. ಹೀಗೆ ಓಡುವುದನ್ನು ನಿಂತ ವಸ್ತುಗಳೆರಡು ಮುಟ್ಟಿಕೊಂಡಿರಬೇಕು. ಒಂದು ವಿದ್ಯುತ್ತನ್ನು ಒಳಗೆ ಬಿಡಬೇಕು. ಇನ್ನೊಂದು ನೀರನ್ನು ತಡೆಯಬೇಕು.

ಮೊದಲನೆಯದೇ ಕಾರ್ಬನ್ ಬ್ರಷ್. ಇದ್ದಿಲಿನ ತುಂಡಿಗೆ ಬ್ರಷ್ಷೆಂಬ ಹೆಸರೇಕೆ? ಆದಿಯಲ್ಲಿ ತಾಮ್ರದ ತಂತಿಗಳ ಕುಚ್ಚನ್ನೇ ಉರುಳೆಗೆ ಒತ್ತಿ ಹಿಡಿಯುತ್ತಿದ್ದರು. ತಾಮ್ರವು ತಾಮ್ರವನ್ನು ಕೊರೆದು ಕಿಡಿಗಳು ಹಾರುತ್ತಿದ್ದುವು. 1885ರಲ್ಲಿ ಜಾರ್ಜ್ ಫೋರ್ಬ್ಸ್ ಎಂಬ ವಿದ್ವಾಂಸನು ಇದ್ದಿಲನ್ನು ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಇದ್ದಿಲು ತಾನೇ ನುಣುಪು, ತಾಮ್ರಕ್ಕಿಂತ ಮೃದು, ವಿದ್ಯುತ್ತಿಗೆ ಅದು ಒಡ್ಡುವ ಅಲ್ಪ ತಡೆಯೇ ಕಿಡಿಯನ್ನು ತಗ್ಗಿಸುವುದು. ವಸ್ತು ಬದಲಾಯಿತು, ಹೆಸರು ಉಳಿಯಿತು.

ಆದರೆ ಎಲ್ಲ ಇದ್ದಿಲೂ ಒಂದೇ ಅಲ್ಲ. ಮೋಟಾರುಕಾರನ್ನು ಚಾಲೂ ಮಾಡುವ ಮೋಟಾರಿಗೆ ವಿದ್ಯುತ್ತಿನ ಒತ್ತಡ 12 ವೋಲ್ಟ್ ಮಾತ್ರ, ಪ್ರವಾಹವಾದರೋ ಬಹಳ. ಅಲ್ಲಿ ತಾಮ್ರ ಬೆರೆಸಿದ ತುಂಡು ಯೋಗ್ಯ. 230 ವೋಲ್ಟಿನ ಮಿಕ್ಸಿಗೆ ಅದನ್ನೇ ಹಾಕಿದರೆ ಕಿಡಿಯೆದ್ದು ಉರುಳೆ ಕೆಡುವುದು. ಆದುದರಿಂದ ಆಯಾ ಯಂತ್ರಕ್ಕೆಂದೇ ಮಾಡಿದುದನ್ನು ಕೊಳ್ಳತಕ್ಕದ್ದು. ಅದು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಅಲ್ಲಾಡಬಾರದು. ಸ್ಪ್ರಿಂಗು ಸಡಿಲವಾದರೆ ಕಿಡಿ. ಬಿಗಿಯಾದರೆ ಬಿಸಿ ಮತ್ತು ಸವೆತ. ಉರುಳೆಯ ಮೇಲಿನ ತೆಳು ಕಂದುಬಣ್ಣವು ಕೊಳೆಯಲ್ಲ. ಅದು ಒಳ್ಳೆಯ ಲಕ್ಷಣ. ಅದನ್ನು ತಿಕ್ಕಿ ಬೆಳಗಬಾರದು.

ಎರಡನೆಯದು ಜಾರಿನ ತಳದಲ್ಲಿ ಅಲಗಿನ ದಂಡವನ್ನು ಸುತ್ತಿಕೊಂಡಿರುವ ರಬ್ಬರಿನ ಬಳೆ. ಅಂಗಡಿಯವರು ಸೀಲ್ ಎನ್ನುವರು. ಇದನ್ನು ಆರಿಸುವಾಗ ಸುತ್ತುಗಳ ಲೆಕ್ಕವೊಂದೇ ಸಾಲದು. ದಂಡದ ಮೈ ಎಷ್ಟು ವೇಗವಾಗಿ ಓಡುವುದೆಂಬುದು ಮುಖ್ಯ. 8 ಮಿಲಿಮೀಟರಿನ ದಂಡವು 300 ಸುತ್ತಿಗೆ ಏಳೂವರೆ ಮೀಟರ್ ಓಡಿದರೆ, ಅದರ ಇಮ್ಮಡಿ ದಪ್ಪದ್ದು ಹದಿನೈದು ಮೀಟರ್ ಓಡುವುದು, ಬಿಸಿಯೂ ಹೆಚ್ಚುವುದು. ಸಾಮಾನ್ಯ ರಬ್ಬರು ಎಣ್ಣೆ ತಾಗಿದರೆ ಉಬ್ಬುವುದು. ನೈಟ್ರೈಲ್ ಎಂಬ ಜಾತಿಯು ಎಣ್ಣೆಯನ್ನು ತಾಳುವುದು. ಸಿಲಿಕೋನ್ ಹೆಚ್ಚು ಬಿಸಿಯನ್ನು ತಾಳುವುದಾದರೂ ಉಜ್ಜಾಟಕ್ಕೆ ಬೇಗ ಹರಿಯುವುದು. ಯಾವ ಬಳೆಯಾದರೂ ಒಣಗಿ ತಿರುಗಿದರೆ ಅದರ ಅಂಚು ಸುಡುವುದರಿಂದ ಬರಿಯ ಜಾರನ್ನು ಓಡಿಸಬಾರದು. ದಂಡದಲ್ಲಿಯೇ ಗೀರುಬಿದ್ದಿದ್ದರೆ ಹೊಸ ಬಳೆಯೂ ಸೋರುವುದು. ಆಗ ದಂಡವನ್ನೂ ಬುಷ್ಷನ್ನೂ ಒಟ್ಟಿಗೆ ಬದಲಾಯಿಸಬೇಕು.

ಇವೆಲ್ಲದರ ಸಾರವಿಷ್ಟೆ: ಚಲವೂ ಅಚಲವೂ ಕೂಡುವೆಡೆಯಲ್ಲಿ ಒಂದು ಸವೆಯಲೇಬೇಕು. ಅಗ್ಗದ್ದು ಸವೆದು ಬೆಲೆಯುಳ್ಳದ್ದು ಉಳಿಯಲೆಂದೇ ಇದ್ದಿಲನ್ನೂ ರಬ್ಬರನ್ನೂ ಇಟ್ಟಿರುವರು. ಅವು ಸವೆದಾಗ ಕೊಡಬೇಕಾದ ಅಲ್ಪ ಹಣವನ್ನು ನಾವು ಉಳಿಸಿದೆವು. ಸೋರಿದ ನೀರು ಮೋಟಾರಿನ ತಂತಿಯ ಸುರುಳಿಯನ್ನು ನೆನೆಸಿ, ವಿದ್ಯುತ್ತಿಗೆ ಹೊರಬರಲು ದಾರಿಮಾಡಿಕೊಟ್ಟಿತು. ಆ ದಾರಿಯ ಕೊನೆಯಲ್ಲಿ ಇದ್ದುದು ನಮ್ಮ ಸೊಸೆಯ ಕೈ.

ಜಾರು ಸೋರಿದ ದಿನವೇ ಅದನ್ನು ಬದಿಗಿಡಿರಿ. ಪ್ಲಗ್ಗನ್ನು ಕೀಳದೆ ಯಂತ್ರವನ್ನು ಬಿಚ್ಚಬೇಡಿರಿ. ಮೂರು ಕಡ್ಡಿಯ ಪ್ಲಗ್ಗಿದ್ದರೆ ನೆಲಕ್ಕೆ ಸೇರುವ ಮೂರನೆಯ ಕಡ್ಡಿಯನ್ನು ವ್ಯರ್ಥಮಾಡಬೇಡಿರಿ. ನಮ್ಮ ಮನೆಯಲ್ಲಿ ಆ ಅವಿವೇಕವೂ ನಡೆದಿತ್ತು.

ಆ ಹಬ್ಬದ ಹೂರಣವನ್ನು ಒರಳಿನಲ್ಲಿ ರುಬ್ಬಿದುದಾಯಿತು. ಊಟಕ್ಕೆ ಕುಳಿತಾಗ ನಾವು ಸೊಸೆಯೊಡನೆ, “ನಿನ್ನ ಮಾತನ್ನು ಕೇಳಬೇಕಾಗಿತ್ತಮ್ಮ,” ಎಂದೆವು. ಆಕೆ, “ಇರಲಿ ಮಾವ,” ಎಂದು ಇನ್ನೊಂದು ಹೋಳಿಗೆಯನ್ನು ಬಡಿಸಿದಳು. ಮರುವಾರ ಹೊಸ ಬಳೆ ಬಂದಿತು, ಸರಿಯಾದ ಇದ್ದಿಲೂ ಬಂದಿತು. ಈಗ ಅಡಿಗೆಮನೆಯಿಂದ ದೂರು ಬಂದರೆ ಓದುತ್ತಿರುವ ಪುಸ್ತಕವನ್ನು ಮುಚ್ಚಿ ಏಳುತ್ತೇವೆ.