ಪೇಷಂಟ್ ಕಡೆಯವರು ಯಾರು?

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,



ನಾನು ಪುಣೆಯಲ್ಲಿ ನೌಕರಿ ಮಾಡುವವಳು. ಅಪ್ಪ, ಆಯಿ ಇಬ್ಬರೇ ಶಿರಸಿ ಸೀಮೆಯ ಹಳ್ಳಿಯ ಮನೆಯಲ್ಲಿದ್ದಾರೆ. ಆಯಿಗೆ ಈಗ 68 ವರ್ಷ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಜೀವಮಾನದಲ್ಲಿ ಬೀಡಿ ಸಿಗರೇಟು ಮುಟ್ಟದವಳು. ಆದರೆ ಅಡುಗೆ ಒಲೆ, ಬಚ್ಚಲೊಲೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ, ಈ ಮೂರರ ಮುಂದೆ ನಲವತ್ತೈದು ವರ್ಷ ಕೂತಿದ್ದಾಳೆ. ಹಾಗಾಗಿ ಕೆಮ್ಮು ಶುರುವಾದಾಗ ಊರವರೆಲ್ಲ ಅದನ್ನು ಹೊಗೆಯ ಕೆಮ್ಮು ಎಂದರು. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡ ಮೇಲೆ, ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ, ಕ್ಷಯದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳು ತಪ್ಪದೆ ನುಂಗಿದಳು. ತೂಕ ಇಳಿಯುತ್ತಲೇ ಹೋಯಿತು.

ಅಪ್ಪ ಒಂದು ದಿನ ಆ ಎಕ್ಸ್‌ರೇಯನ್ನು ಜಗಲಿಯ ಬೆಳಕಿಗೆ ಹಿಡಿದು, ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ. ಫಿಲ್ಮಿನ ಆಚೆಯ ಅಡಿಕೆ ತೋಟ ಆಯಿಯ ಎದೆಗೂಡಿನೊಳಗೇ ಬೆಳೆದ ಹಾಗೆ ಕಾಣುತ್ತಿತ್ತು. ಅದನ್ನು ಪುಣೆಯ ವೈದ್ಯರೊಬ್ಬರಿಗೆ ತೋರಿಸಿದೆ. ಚಿತ್ರ ಸ್ಪಷ್ಟವಿಲ್ಲ, ಆದರೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರು. ನಮಗೆ ರೋಗದ ಹೆಸರು ಗೊತ್ತಾಗಿದ್ದು ಹಾಗೆ.

ಮಾನ್ಯ ಸಚಿವರೇ, ಆಸ್ಪತ್ರೆಯ ಕಾರಿಡಾರಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಒಂದು ಕೂಗಿದೆ: "ಪೇಷಂಟ್ ಕಡೆಯವರು ಯಾರು?" ಔಷಧಿ ತರಲು, ಬಿಲ್ ಕಟ್ಟಲು, ಸಹಿ ಹಾಕಲು, ವೈದ್ಯರ ಮಾತು ಕೇಳಿಸಿಕೊಳ್ಳಲು ಒಬ್ಬರು ಹಾಸಿಗೆ ಪಕ್ಕದಲ್ಲಿ ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಮ್ಮ ಆಸ್ಪತ್ರೆಗಳು ನಡೆಯುತ್ತವೆ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆಗಳಿವೆ. ಅದರಲ್ಲಿ ಏಳು ಮನೆಗಳಲ್ಲಿ ಇರುವವರೆಲ್ಲ ಅರವತ್ತು ದಾಟಿದವರು. ಮಕ್ಕಳು ಬೆಂಗಳೂರು, ಪುಣೆ, ಮಸ್ಕತ್ ಎಂದು ಚದುರಿದ್ದೇವೆ. ಆ ಕೂಗಿಗೆ ಎದ್ದು ನಿಲ್ಲುವವನು ಎಪ್ಪತ್ತನಾಲ್ಕರ ಅಪ್ಪ. ಅವನಿಗೆ ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಧೂಮಪಾನ ಮಾಡದ ಹೆಂಗಸರಿಗೆ ಬರುವ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನ ಬದಲಾವಣೆ ಇರುವ ಸಾಧ್ಯತೆ ಹೆಚ್ಚು. ಅದು ಇದ್ದರೆ ಕೀಮೋ ಬದಲು ದಿನಕ್ಕೊಂದು ಮಾತ್ರೆಯಲ್ಲೇ ಚಿಕಿತ್ಸೆ ಆರಂಭಿಸಬಹುದು. ಬಯಾಪ್ಸಿ ಆದ ದಿನ, ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಬೇಕೇ ಎಂದು ಅಪ್ಪನನ್ನು ಕೇಳಿದ್ದರು. ಅದಕ್ಕೆ ಬೇರೆ ದುಡ್ಡು ಕಟ್ಟಬೇಕಿತ್ತು. ಅಪ್ಪನಿಗೆ ದುಡ್ಡಿನ ಮಾತು ಮಾತ್ರ ಕೇಳಿಸಿತು, ಬೇಡ ಎಂದ. ನನಗೆ ಇದು ತಿಳಿದದ್ದು ಮೂರು ವಾರದ ಮೇಲೆ. ಕೊನೆಗೆ ಪರೀಕ್ಷೆ ಮಾಡಿಸಿದೆವು. ಆಯಿಗೆ ಆ ಬದಲಾವಣೆ ಇರಲಿಲ್ಲ. ಇದ್ದಿದ್ದರೆ, ಅವಳಿಗೆ ಸಿಗಬೇಕಾದ ಔಷಧಿ ಒಂದು ಫೋನ್ ಕರೆಯ ಕೊರತೆಯಿಂದ ಮೂರು ವಾರ ತಡವಾಗುತ್ತಿತ್ತು.

ಒಂದು ಫೋನ್ ಕರೆಗೆ ಎಷ್ಟು ಬೆಲೆಯಿದೆ ಎಂದು ಕಲಿಸಿದವರು ಆಯಿಗೆ ಚಿಕಿತ್ಸೆ ನಡೆಯುತ್ತಿರುವ ಹುಬ್ಬಳ್ಳಿಯ ಆಸ್ಪತ್ರೆಯ ಒಬ್ಬ ನರ್ಸ್. ದಿನಾ ಫೋನಿನಲ್ಲಿ ಹೇಗಿದ್ದೀ ಎಂದರೆ ಆಯಿಯ ಉತ್ತರ ಒಂದೇ: "ಎಂತೂ ಇಲ್ಲೆ ತಂಗೀ, ಆರಾಮಿದ್ದಿ." ಕೆಮ್ಮು ಬಂದರೆ ಫೋನನ್ನು ಮಡಿಲಿಗೆ ಒತ್ತಿಕೊಳ್ಳುತ್ತಾಳೆ. ಇದನ್ನು ಹೇಳಿ ನಾನು ಅತ್ತಾಗ ಆ ನರ್ಸ್ ಹೇಳಿದರು: "ಹೇಗಿದ್ದೀರಿ ಅಂತ ಕೇಳಬೇಡಿ. ಒಂದೇ ಉಸಿರಿನಲ್ಲಿ ಏನಾದರೂ ಹೇಳಿಸಿ. ಎಲ್ಲಿಗೆ ನಿಲ್ಲುತ್ತಾರೆ ಅಂತ ದಿನಾ ಬರೆದಿಡಿ." ಅಂದಿನಿಂದ ಆಯಿ ನನಗಾಗಿ ಮಾಸಗಳ ಹೆಸರು ಹೇಳುತ್ತಾಳೆ. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ... ಒಳ್ಳೆಯ ದಿನ ಕಾರ್ತಿಕ, ಮಾರ್ಗಶಿರದವರೆಗೆ ಹೋಗುತ್ತಿದ್ದಳು. ಒಂದು ವಾರ ಭಾದ್ರಪದಕ್ಕೆ ಇಳಿಯಿತು. ಮುಂದಿನ ಭಾನುವಾರ ಆಷಾಢಕ್ಕೇ ನಿಂತುಬಿಟ್ಟಳು. ಆ ನರ್ಸ್‌ಗೆ ತಿಳಿಸಿದೆ. ಮರುದಿನವೇ ಬರಹೇಳಿದರು. ಶ್ವಾಸಕೋಶದ ಸುತ್ತ ನೀರು ತುಂಬಿಕೊಂಡಿತ್ತು, ಸೂಜಿ ಹಾಕಿ ತೆಗೆದರು. ಎರಡು ದಿನ ಬಿಟ್ಟು ಆಯಿ ಫಾಲ್ಗುಣ ಮುಟ್ಟಿ, "ವರ್ಷ ಮುಗತ್ತು" ಎಂದು ನಕ್ಕಳು. ಐನೂರು ಕಿಲೋಮೀಟರ್ ದೂರದಿಂದಲೇ ನಾನು ಅವತ್ತು ಮೊದಲ ಬಾರಿಗೆ ಆಯಿಯ ಆರೈಕೆ ಮಾಡಿದೆ.

ಆ ನರ್ಸ್ ಇದನ್ನು ಮಾಡಿದ್ದು ತಮ್ಮ ಒಳ್ಳೆಯತನದಿಂದ, ಡ್ಯೂಟಿ ಮುಗಿದ ಮೇಲೆ, ಸ್ವಂತ ಫೋನಿನಲ್ಲಿ. ಈ ಒಳ್ಳೆಯತನವನ್ನು ವ್ಯವಸ್ಥೆಯನ್ನಾಗಿ ಮಾಡಿ ಎಂಬುದೇ ತಮ್ಮಲ್ಲಿ ನನ್ನ ಕೋರಿಕೆ.

ಮೊದಲನೆಯದಾಗಿ, ಕ್ಯಾನ್ಸರ್ ಚಿಕಿತ್ಸೆ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯ ಕೇಸ್ ಶೀಟಿನಲ್ಲಿ, ರೋಗಿಯ ಒಪ್ಪಿಗೆ ಪಡೆದು, ದೂರದಲ್ಲಿರುವ ಒಬ್ಬರ ಹೆಸರು, ನಂಬರ್ ಬರೆಸಿ. ಚಿಕಿತ್ಸೆಯ ತೀರ್ಮಾನವಾಗುವ ದಿನ ಹತ್ತು ನಿಮಿಷದ ವಿಡಿಯೊ ಕರೆಯಲ್ಲಿ ಅವರನ್ನೂ ಕೂರಿಸಿಕೊಳ್ಳಿ. ಆಮೇಲಿನ ಪ್ರಶ್ನೆಗಳಿಗೆ ಒಬ್ಬ ನರ್ಸ್‌ಗೆ ನಿಗದಿತ ಸಮಯ, ನಿಗದಿತ ನಂಬರ್ ಕೊಡಿ. ರೋಗಿಯ ಪರವಾಗಿ ಒಬ್ಬರ ಹೆಸರು ಬರೆಸುವುದು ತಮ್ಮ ಇಲಾಖೆಗೆ ಹೊಸ ವಿಚಾರವೇನೂ ಅಲ್ಲ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ಆದೇಶವನ್ನು ಜಾರಿ ಮಾಡಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ್ದು ಇದೇ ಇಲಾಖೆ. ತಾನು ಮಾತಾಡಲಾರದ ಸ್ಥಿತಿಯಲ್ಲಿ ತನ್ನ ಪರವಾಗಿ ಮಾತಾಡುವವರ ಹೆಸರನ್ನು ರೋಗಿ ಮುಂಚೆಯೇ ಬರೆದಿಡಬಹುದು ಎಂದು ಅದು ಒಪ್ಪಿದೆ. ಸಾವಿನ ಹೊತ್ತಿಗೆ ಒಪ್ಪಿದ್ದನ್ನು ಚಿಕಿತ್ಸೆಯ ಹೊತ್ತಿಗೂ ಒಪ್ಪಿ.

ಎರಡನೆಯದು, ಮನೆಗೆ ಕಳಿಸುವಾಗ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಕೀಮೋ ಆದವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ತುರ್ತುಸ್ಥಿತಿ, ಬೆಳಗಾಗುವವರೆಗೆ ಕಾಯಬಾರದು. ಆಯಿಗೆ ಹಾಗೆ ಜ್ವರ ಬಂದಾಗ ಅಪ್ಪ ಮೆಣಸಿನ ಕಾಳಿನ ಕಷಾಯ ಕೊಟ್ಟು ರಾತ್ರಿಯಿಡೀ ಕಾದಿದ್ದ. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ ಅವನ ಚೀಲದಲ್ಲೇ ಇತ್ತು.

ಮೂರನೆಯದು ಔಷಧಿಯ ದೂರ. 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಸರ್ಕಾರ ಆರಂಭಿಸಿದಾಗ ನಾನು ನಿಜಕ್ಕೂ ಖುಷಿಪಟ್ಟೆ. ಆದರೆ ಶಿರಸಿ ಸೀಮೆಯ ನಮ್ಮಂಥವರಿಗೆ ಹುಬ್ಬಳ್ಳಿಯೂ ಸುಮಾರು ನೂರು ಕಿಲೋಮೀಟರ್, ಜಿಲ್ಲಾ ಕೇಂದ್ರ ಕಾರವಾರವೂ ನೂರು ಕಿಲೋಮೀಟರಿನ ಮೇಲೆಯೇ. ಕಡೇ ಪಕ್ಷ ನೋವಿನ ಮಾತ್ರೆಯನ್ನಾದರೂ ತಾಲ್ಲೂಕಿಗೆ ತನ್ನಿ. ಮಾರ್ಫಿನ್ ನೋವನ್ನಷ್ಟೇ ಅಲ್ಲ, ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಏದುಸಿರನ್ನೂ ತಗ್ಗಿಸುತ್ತದೆ. ಅದು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ ಸಂಸತ್ತು 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಯನ್ನು ತಿದ್ದಿತು. ಆದರೂ ಅಪ್ಪ ಆ ಮಾತ್ರೆಗಾಗಿ ಬೆಳಗಿನ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗಿ ರಾತ್ರಿ ಮನೆ ಸೇರುತ್ತಾನೆ. ಆ ದಿನವಿಡೀ ಆಯಿ ಒಬ್ಬಳೇ. ಉಸಿರು ಕಟ್ಟಿದಾಗ ಮುಖಕ್ಕೆ ಬೀಸಣಿಗೆಯ ಗಾಳಿ ಹಾಕಿದರೆ ಹಾಯೆನಿಸುತ್ತದೆ ಎಂದು ಕೇಳಿ ತಿಳಿದು ಪಕ್ಕದ ಮನೆಯ ಅತ್ತಿಗೆಗೆ ಫೋನಿನಲ್ಲಿ ಹೇಳಿಕೊಟ್ಟಿದ್ದೇನೆ. ಅವಳು ತನ್ನ ಮನೆಗೆಲಸ ಬಿಟ್ಟು ಬಂದು ಬೀಸುತ್ತಾಳೆ.

ಕೊನೆಯದು, ನಮ್ಮ ಹಿಂದೆ ಬರುವವರಿಗಾಗಿ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಬಂದು ಬಿ.ಪಿ., ಶುಗರ್ ನೋಡುತ್ತಾರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಬಗ್ಗೆಯೂ ವಿಚಾರಿಸುತ್ತಾರೆ. ಅದಕ್ಕೆ ಕೆಮ್ಮಿನ ಬಗ್ಗೆ ಎರಡು ಪ್ರಶ್ನೆ ಸೇರಿಸಿ. ಕಫದಲ್ಲಿ ಕ್ಷಯ ಸಿಗದೆ, ಮಾತ್ರೆಗೂ ಕೆಮ್ಮು ಬಗ್ಗದಿದ್ದರೆ ಸಿ.ಟಿ. ಸ್ಕ್ಯಾನ್‌ಗೆ ಕಳಿಸುವುದು ಕಡ್ಡಾಯವಾಗಲಿ. ಆಯಿ ಕಳೆದುಕೊಂಡ ನಾಲ್ಕು ತಿಂಗಳನ್ನು ಇನ್ನೊಬ್ಬಳು ಕಳೆದುಕೊಳ್ಳದಿರಲಿ.

ಊರಿಗೆ ಹೋಗಿ ಇದ್ದುಬಿಡಬಾರದೇ ಎಂದು ತಮಗೆ ಅನಿಸಬಹುದು. ನನಗೂ ದಿನಾ ಅನಿಸುತ್ತದೆ. ಆದರೆ ಆಯಿಯ ಔಷಧಿ ನಡೆಯುತ್ತಿರುವುದು ನನ್ನ ಸಂಬಳದಿಂದ. ಇದ್ದ ರಜೆಗಳೆಲ್ಲ ಮೊದಲ ಮೂರು ಕೀಮೋಗೆ ಮುಗಿದಿವೆ.

ಮುಂದಿನ ಕೀಮೋ ಈ ಗುರುವಾರ. ಅಪ್ಪ, ಆಯಿ ಬೆಳಗಿನ ಜಾವದ ಬಸ್ಸಿಗೆ ಹೊರಡುತ್ತಾರೆ. ನಾನು ಆಫೀಸಿನ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿರುತ್ತೇನೆ. ಹತ್ತು ಗಂಟೆ ಹೊತ್ತಿಗೆ ಯಾರೋ ಕಾರಿಡಾರಿನಲ್ಲಿ ಕೂಗುತ್ತಾರೆ, ಪೇಷಂಟ್ ಕಡೆಯವರು ಯಾರು ಎಂದು. ನಾನೂ ಹೌದು ಎಂದು ಹೇಳುವುದಕ್ಕೆ ದಾರಿ ಮಾಡಿಕೊಡಿ.

ಇತಿ,
ಆಯಿಯ ಮಗಳು
ಪುಣೆ