ತರಗೆಲೆಗೆ ಬೆಂಕಿ ಏಕೆ?



ಮಳೆ ನಿಂತು ಕೆಲವು ತಿಂಗಳಾದರೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಶಾಲೆಗಳ ಅಂಗಳದಲ್ಲಿ ಗೇರು, ಮಾವು, ಹಲಸಿನ ತರಗೆಲೆ ರಾಶಿ ಬೀಳುತ್ತದೆ. ನೀವು ಗುಡಿಸಿ ಒಟ್ಟುಮಾಡುತ್ತೀರಿ. ಆಮೇಲೆ ಯಾರೋ ಬೆಂಕಿ ಹಚ್ಚುತ್ತಾರೆ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ಆ ರಾಶಿ ಬೇರೆಯವರ ಊಟ.

ಯಾರ ಊಟ? ಎರೆಹುಳು, ಸಹಸ್ರಪದಿ, ಗೆದ್ದಲುಗಳು ಸತ್ತ ಎಲೆಯ ಚೂರುಗಳನ್ನು ಬಾಯಿಯಿಂದ ತಿಂದು ಹೊಟ್ಟೆಯೊಳಗೆ ಜೀರ್ಣಿಸುತ್ತವೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅವು ಎಲೆಯ ಮೇಲೆಯೇ ಕಿಣ್ವಗಳನ್ನು ಸುರಿಸಿ, ಕರಗಿದ್ದನ್ನು ಮೈಯಿಂದ ಹೀರಿಕೊಳ್ಳುತ್ತವೆ. ಇವುಗಳ ಅಡುಗೆಮನೆ ಮೈಯ ಹೊರಗೆ! ಎರಡನ್ನೂ ‘ವಿಘಟಕಗಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಆದರೆ ಮೊದಲನೆಯವು ಎಲೆಯನ್ನು ಚೂರುಮಾಡಿ ಕೊಡದಿದ್ದರೆ ಎರಡನೆಯವುಗಳ ಕೆಲಸ ಬಹಳ ನಿಧಾನ.

ಮಿಡತೆ ತಿಂದರೆ ಗಿಡ ಸೊರಗುತ್ತದೆ. ಕೊಕ್ಕರೆ ತಿಂದರೆ ಮೀನು ಸಾಯುತ್ತದೆ. ಎರೆಹುಳು ಎಷ್ಟು ತರಗೆಲೆ ತಿಂದರೂ ಮರಕ್ಕೆ ನಷ್ಟವಿಲ್ಲ. ಎಲೆಯಲ್ಲಿದ್ದ ಸಾರಜನಕ, ರಂಜಕಗಳು ಮರಳಿ ಬೇರಿಗೆ ಸಿಗುತ್ತವೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಸುಟ್ಟರೆ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ, ಉಳಿಯುವುದು ಒಂದಿಷ್ಟು ಬೂದಿ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ: ಹಾಡಿಯಿಂದ ತರಗೆಲೆ ಹೊತ್ತು ತಂದು ಹಟ್ಟಿಗೆ ಹಾಸಿ ಗೊಬ್ಬರ ಮಾಡುತ್ತಿದ್ದರು.

ಕುಂದಾಪುರದ ಪಂಚಗಂಗಾವಳಿ ಅಳಿವೆಯ ಕಾಂಡ್ಲಾ ಗಿಡಗಳನ್ನು ನೋಡಿದ್ದೀರಾ? ಇಂಥ ಕಾಡಿನಲ್ಲಿ ಉದುರಿದ ಎಲೆಗಳನ್ನು ಕೆಲವು ಏಡಿಗಳು ಬಿಲಕ್ಕೆ ಎಳೆದುಕೊಂಡು ತಿನ್ನುತ್ತವೆ. ಬ್ಯಾಕ್ಟೀರಿಯಾ ಹತ್ತಿದ ಚೂರುಗಳನ್ನು ಸಿಗಡಿ, ಅಂದರೆ ನಮ್ಮ ಚಟ್ಲಿ, ತಿನ್ನುತ್ತದೆ. ಅದನ್ನು ಮೀನು ತಿನ್ನುತ್ತದೆ. ಚಟ್ಲಿ ಸಾರಿನ ಹಿಂದೆಯೂ ಕೊಳೆತ ಎಲೆ ಇರುತ್ತದೆ! ಆಹಾರ ಸರಪಳಿಯ ಚಿತ್ರವನ್ನು ಯಾವಾಗಲೂ ಹಸಿರು ಹುಲ್ಲಿನಿಂದಲೇ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ. ತರಗೆಲೆಯಿಂದಲೂ ಒಂದು ಬರೆಯಿರಿ.

ರಾಶಿಯಲ್ಲಿ ಹಾವು ಸೇರುತ್ತದೆ ಎಂದು ಮೇಷ್ಟ್ರು, ಟೀಚರ್ ಹೆದರುವುದು ಸುಳ್ಳಲ್ಲ. ತರಗತಿಯ ಹತ್ತಿರ ರಾಶಿ ಬೇಡ. ಅಂಗಳದ ದೂರದ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ, ಎಲೆ ಹಾಕಿ, ಮೇಲೆ ಸಗಣಿ ನೀರು, ಸ್ವಲ್ಪ ಮಣ್ಣು. ಬಿಸ್ಕತ್ತಿನ ಪ್ಲಾಸ್ಟಿಕ್ ಹಾಕಬೇಡಿ. ಅದನ್ನು ತಿನ್ನುವವರು ಅಲ್ಲಿ ಯಾರೂ ಇಲ್ಲ. ಮಳೆ ಹಿಡಿದ ಮೇಲೆ ಟೀಚರ್ ಜೊತೆ ಹೋಗಿ ಉದ್ದದ ಕೋಲಿನಿಂದ ಮೇಲಿನ ಪದರ ಸರಿಸಿ (ಬರಿಗೈ ಬೇಡ). ಬಿಳಿ ದಾರದಂಥ ಎಳೆಗಳು ಕಂಡರೆ ಅವೇ ಶಿಲೀಂಧ್ರ. ನರಗಳ ಬಲೆಯಷ್ಟೇ ಉಳಿದ ಹಲಸಿನ ಎಲೆ ಸಿಕ್ಕರೆ ತೊಳೆದು ಒಣಗಿಸಿ, ಪುಸ್ತಕದೊಳಗೆ ಇಟ್ಟುಕೊಳ್ಳಿ.