ಸಾಕ್ಷಿಯಿಲ್ಲದ ಜಾಹೀರಾತು

ಜಾಹೀರಾತು ಎಂಬ ಶಬ್ದವು ಕನ್ನಡಕ್ಕೆ ಬಂದದ್ದು ಪಾರಸಿಯ ಮಾರ್ಗವಾಗಿ; ಅದರ ಮೂಲವಾದ ಅರಬ್ಬಿಯ ‘ಜಾಹಿರ್’ ಎಂಬುದಕ್ಕೆ ಪ್ರಕಟವಾದದ್ದು, ಎಲ್ಲರ ಕಣ್ಣಿಗೂ ಬೀಳುವಂಥದು ಎಂದರ್ಥ. ಸಂತೆಯಲ್ಲಿ ಸರಕನ್ನು ಹರಡಿ ಕೂಗುವವನ ಮಾತು ಜಾಹೀರಾತು. ಬೀದಿಯಲ್ಲಿ ತಮಟೆ ಬಡಿದು ಸಾರುವವನ ಮಾತು ಜಾಹೀರಾತು. ಆ ಮಾತು ಸುಳ್ಳಾದರೆ, ಕೇಳಿದ ಹತ್ತು ಮಂದಿಯಲ್ಲಿ ಒಬ್ಬನಾದರೂ ಎದ್ದುನಿಂತು ಸುಳ್ಳೆನ್ನಬಲ್ಲನು. ಈ ಹತ್ತು ಮಂದಿಯ ಸಾಕ್ಷಿಯೇ ಕೊಳ್ಳುವವನಿಗೆ ಇದ್ದ ರಕ್ಷೆ. ಈಚೆಗೆ ಟೆಲಿವಿಷನ್ನಿನಲ್ಲಿ ಬಳಕೆಗೆ ಬಂದಿರುವ ಒಂದು ಪದ್ಧತಿಯಿಂದ ಈ ರಕ್ಷೆಯು ಸದ್ದಿಲ್ಲದೆ ಕಳಚಿ ಬೀಳುತ್ತಿದೆ. ಒಂದೊಂದು ಮನೆಗೆ ಒಂದೊಂದು ಜಾಹೀರಾತು, ಪಕ್ಕದ ಮನೆಗೆ ಕಾಣದಂತೆ, ಆ ಮನೆಯವರ ಒಳಗುಟ್ಟನ್ನರಿತು ಬರುವುದೆಂದರೆ ತಾರ್ಕಿಕರ ಭಾಷೆಯಲ್ಲಿ ಅದು ವದತೋವ್ಯಾಘಾತ. ಗುಟ್ಟಾದದ್ದು ಜಾಹೀರಾಗಲಾರದು.

ಭಾರತದ ದೂರದರ್ಶನದಲ್ಲಿ ಜಾಹೀರಾತು ಮೊದಲಾದದ್ದು 1976ರಲ್ಲಿ. ಬೆಂಗಳೂರು ಕೇಂದ್ರವು 1981ರಲ್ಲಿ ಆರಂಭವಾಯಿತು. 1987ರ ಜನವರಿಯಿಂದ ಭಾನುವಾರದ ಬೆಳಗ್ಗೆ ರಾಮಾಯಣವು ಬರುತ್ತಿದ್ದ ಕಾಲದಲ್ಲಿ, ಬಿಳಿಕೆರೆಯಂಥ ಊರುಗಳಲ್ಲಿ ಪೆಟ್ಟಿಗೆಯಿದ್ದ ಮನೆಯ ಪಡಸಾಲೆ ತುಂಬಿ, ಉಳಿದವರು ಜಗಲಿಯ ಮೇಲೆ ನಿಂತು ಕಿಟಕಿಯಿಂದ ನೋಡಬೇಕಾಗುತ್ತಿತ್ತು. ಸಾಬೂನಿನ ಪುಡಿಯನ್ನು ಹೊಗಳುವ ಜಾಹೀರಾತು ಬಂದಾಗ, ನಿತ್ಯವೂ ಬಟ್ಟೆ ಒಗೆಯುವ ಹೆಂಗಸು ಅಲ್ಲಿಯೇ ಕುಳಿತಿರುವಳು. ಆ ಪುಡಿ ಕೈ ಸುಡುತ್ತದೆಂದು ಆಕೆ ಒಂದು ಮಾತನ್ನಾಡಿದರೆ, ಆ ಜಾಹೀರಾತಿನ ಆಯುಷ್ಯವು ಆ ಬೀದಿಯ ಮಟ್ಟಿಗೆ ಅಲ್ಲಿಗೇ ತೀರಿತು. 1994ರಲ್ಲಿ ಉದಯ ವಾಹಿನಿಯೂ ಅದರ ಹಿಂದೆ ಇತರ ಕನ್ನಡ ವಾಹಿನಿಗಳೂ ಬಂದವು. ಮನೆಮನೆಗೂ ಕೇಬಲ್ಲು ಬಂದಿತು. ರಿಮೋಟಿಗಾಗಿ ಜಗಳವೂ ಹುಟ್ಟಿತು. ಆದರೂ ಅಜ್ಜಿಯೂ ಮೊಮ್ಮಗನೂ ನೋಡುತ್ತಿದ್ದ ಜಾಹೀರಾತು ಒಂದೇ. ಹುಣಸೂರಿನಲ್ಲಿ ಕಂಡದ್ದೇ ಹೆಗ್ಗಡದೇವನಕೋಟೆಯಲ್ಲಿಯೂ ಕಾಣುತ್ತಿತ್ತು.

ಆಗ ನೋಡುವವರ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲವೆಂದಲ್ಲ. 2015ರಿಂದ ಬಾರ್ಕ್ ಸಂಸ್ಥೆಯು, ಒಪ್ಪಿದ ಕೆಲವು ಮನೆಗಳಲ್ಲಿ ಮಾಪಕಗಳನ್ನಿಟ್ಟು ಲೆಕ್ಕ ತೆಗೆಯುತ್ತ ಬಂದಿದೆ. ಮನೆಯ ಮುಖ್ಯ ಸಂಪಾದಕನ ವಿದ್ಯೆ ಎಷ್ಟು, ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಎಷ್ಟು ಆ ಮನೆಯಲ್ಲಿವೆ, ಎಂಬ ಎರಡರಿಂದ ಮನೆಗಳನ್ನು ವರ್ಗವರ್ಗವಾಗಿ ವಿಂಗಡಿಸುವ ಕ್ರಮವೂ ಉಂಟು. 2020ರಲ್ಲಿ ಮುಂಬಯಿಯ ಪೊಲೀಸರು ಬಯಲಿಗೆಳೆದ ಆರೋಪಗಳ ತರುವಾಯ, ಸುದ್ದಿವಾಹಿನಿಗಳ ಲೆಕ್ಕವನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು. ದೋಷಗಳಿದ್ದರೂ ಆ ಕ್ರಮವು ಗುಂಪನ್ನು ಎಣಿಸುತ್ತಿತ್ತು. ಇಂಥ ಮನೆಯ ಇಂಥವನು ಎಂದು ಬೆರಳಿಟ್ಟು ಜಾಹೀರಾತನ್ನು ಕಳುಹಿಸುವ ಶಕ್ತಿ ಅದಕ್ಕಿರಲಿಲ್ಲ.

ಈಗ ಆ ಶಕ್ತಿಯು ಬಂದಿದೆ. 2016ರ ತರುವಾಯ ಮೊಬೈಲಿನ ಅಂತರಜಾಲವು ಅಗ್ಗವಾಯಿತು. ಐ.ಪಿ.ಎಲ್. ಕ್ರಿಕೆಟ್ಟನ್ನು 2023ರಲ್ಲಿ ಅಂತರಜಾಲದ ಮೂಲಕ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಕ್ಕಟೆಯಾಗಿ ತೋರಿಸಿದರು. ಪುಕ್ಕಟೆಯೆಂಬುದರ ಬೆಲೆಯನ್ನು ಜಾಹೀರಾತುದಾರರು ತೆತ್ತರು. ಪಂದ್ಯವು ಒಂದೇ, ವಿರಾಮವೂ ಒಂದೇ. ಆದರೆ ಆ ವಿರಾಮದಲ್ಲಿ ಒಂದು ಮನೆಗೆ ಬರುವ ಜಾಹೀರಾತು ಎದುರು ಮನೆಗೆ ಬರಬೇಕೆಂಬ ನಿಯಮವಿಲ್ಲ. ನೋಡುವವನ ಊರು, ವಯಸ್ಸು, ಭಾಷೆ, ಕೈಯಲ್ಲಿರುವ ಉಪಕರಣದ ಬೆಲೆ ಇವುಗಳ ಮೇಲೆ ಆಯ್ಕೆ ನಡೆಯಬಲ್ಲದು. ಅನೇಕ ಸ್ಮಾರ್ಟ್ ಟಿ.ವಿ.ಗಳಲ್ಲಿ ತೆರೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಗುರುತಿಸಿ, ಮನೆಯವರು ಏನನ್ನು ನೋಡುತ್ತಿರುವರೆಂದು ಕಂಪನಿಗೆ ವರದಿ ಕಳುಹಿಸುವ ಏರ್ಪಾಡೂ ಇರುತ್ತದೆ. ಇದು ಕಲ್ಪನೆಯ ಮಾತಲ್ಲ. ವಿಜಿಯೋ ಎಂಬ ಅಮೆರಿಕದ ಕಂಪನಿಯು 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ನೋಡುಗರ ಅರಿವಿಲ್ಲದೆ ಹೀಗೆ ವಿವರಗಳನ್ನು ಸಂಗ್ರಹಿಸಿತೆಂಬ ದೂರಿನ ಮೇಲೆ, 2017ರಲ್ಲಿ 22 ಲಕ್ಷ ಡಾಲರುಗಳನ್ನು ತೆತ್ತು ರಾಜಿಯಾಗಬೇಕಾಯಿತು.

ಈ ಪದ್ಧತಿಯನ್ನು ಸಮರ್ಥಿಸುವವರ ಪೂರ್ವಪಕ್ಷವು ಮೂರು ವಿಧ. ಬೇಕಾದವರಿಗೆ ಬೇಕಾದದ್ದನ್ನೇ ತೋರಿಸುವುದು ಉಪಕಾರವಲ್ಲವೇ ಎಂಬುದು ಮೊದಲನೆಯದು. ಇದಕ್ಕೆ ಉತ್ತರ: ಬೇಕಾದದ್ದನ್ನು ಅರಿತವನು ದೌರ್ಬಲ್ಯವನ್ನೂ ಅರಿತಿರುತ್ತಾನೆ. ಮನೆಯಲ್ಲೊಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆಯಿದೆ. ಮೊಮ್ಮಗಳು ಅದರ ವಿಷಯವನ್ನು ಮೊಬೈಲಿನಲ್ಲಿ ಹುಡುಕಿದ್ದಾಳೆ ಎಂದಿಟ್ಟುಕೊಂಡರೆ, ಮರುದಿನ ಆ ಮನೆಗೆ ಮಾತ್ರ ಒಂದು ಬೇರಿನ ಪುಡಿಯ ಪ್ರಶಂಸೆ ಬರುವುದಕ್ಕೆ ಯಂತ್ರದ ಕಡೆಯಿಂದ ಅಡ್ಡಿಯೇನೂ ಇಲ್ಲ. ಅಂಥ ಕಾಯಿಲೆಯನ್ನು ಗುಣಪಡಿಸುವೆನೆಂದು ಸಾರುವುದನ್ನು 1954ರ ಕಾಯಿದೆಯು ನಿಷೇಧಿಸಿದೆ, ನಿಜ. ಆದರೆ ದೂರು ಕೊಡತಕ್ಕವರು ಯಾರು? ವೈದ್ಯನ ಮನೆಗೆ ಆ ಜಾಹೀರಾತು ಹೋಗಲೇ ಇಲ್ಲ. ಉಪಾಧ್ಯಾಯನ ಮನೆಗೂ ಹೋಗಲಿಲ್ಲ. ಕಂಡವಳು ನಂಬಿದ ಅಜ್ಜಿಯೊಬ್ಬಳೇ. ಹೊಗೆಸೊಪ್ಪು ಮಾರಿದ ಹಣ ರೈತನ ಕೈಸೇರುವ ತಿಂಗಳನ್ನರಿತು ಅವನ ಮನೆಗೆ ಮಾತ್ರ ಸಾಲದ ಆಸೆಯನ್ನೋ ಜೂಜಿನ ಆಸೆಯನ್ನೋ ತೋರಿಸಿದರೆ, ಅಲ್ಲಿಯೂ ಗತಿ ಇದೇ.

ಎರಡನೆಯದು ಸ್ವಲ್ಪ ತೂಕವುಳ್ಳದ್ದು. ಹುಣಸೂರಿನ ಒಬ್ಬ ಸಣ್ಣ ಅಂಗಡಿಯವನು ಇಡೀ ರಾಜ್ಯಕ್ಕೆ ಸಾರುವಷ್ಟು ಹಣವನ್ನು ಎಲ್ಲಿಂದ ತಂದಾನು? ತನ್ನ ತಾಲ್ಲೂಕಿಗೆ ಮಾತ್ರ ಸಾರುವ ಅನುಕೂಲ ಅವನಿಗೆ ದೊರೆತದ್ದು ಈಗಲೇ ಎನ್ನುವರು. ಈ ಮಾತು ಒಪ್ಪತಕ್ಕದ್ದೇ. ಆದರೆ ಅವನಿಗೆ ಬೇಕಾದದ್ದು ಊರಿನ ಹೆಸರು ಮಾತ್ರ. ಮನೆಯವರು ರಾತ್ರಿ ಏನನ್ನು ನೋಡಿದರು, ಯಾವ ರೋಗದಿಂದ ನರಳುತ್ತಿದ್ದಾರೆ ಎಂಬುದು ಅವನಿಗೆ ಬೇಡ. ತಾಲ್ಲೂಕಿಗೆಲ್ಲ ಕಾಣುವಂತೆ ಸಾರಿದರೆ ಅದು ಜಾಹೀರಾತೇ ಸರಿ. ಅದನ್ನು ಯಾರೂ ಆಕ್ಷೇಪಿಸರು. ಸಣ್ಣ ಅಂಗಡಿಯವನನ್ನು ಮುಂದೆ ನಿಲ್ಲಿಸಿ, ದೊಡ್ಡ ಕಂಪನಿಗಳು ಅವನ ಬೆನ್ನ ಹಿಂದೆ ಅಡಗುವುದು ಮಾತ್ರ ನ್ಯಾಯವಲ್ಲ.

ಜನರ ಅಭ್ಯಾಸವೇ ಬದಲಾಗಿದೆ, ಒಬ್ಬೊಬ್ಬರೂ ತಮ್ಮ ತಮ್ಮ ತೆರೆಯನ್ನು ಹಿಡಿದು ಮೂಲೆ ಸೇರಿದ್ದಾರೆ, ವ್ಯಾಪಾರಿಯು ಅವರನ್ನು ಹಿಂಬಾಲಿಸಿದನಷ್ಟೆ ಎಂಬುದು ಮೂರನೆಯ ವಾದ. ಅಭ್ಯಾಸವೆಂಬುದು ಮಳೆಯಂತೆ ತಾನಾಗಿ ಬಿದ್ದುದಲ್ಲ. ಒಂದು ಕಥೆ ಮುಗಿಯುವ ಮೊದಲೇ ಇನ್ನೊಂದನ್ನು ತಾನಾಗಿ ಹಚ್ಚುವುದೂ, ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆಯನ್ನು ತೆರೆಯೆನ್ನುವುದೂ, ನೋಡಿದಷ್ಟೂ ಅದರಂಥದನ್ನೇ ಮುಂದಿಡುವುದೂ ಯಾರು ಮಾಡಿದ ಏರ್ಪಾಡು? ಮನೆಯವರನ್ನು ಬಿಡಿಬಿಡಿಯಾಗಿ ಕೂರಿಸಿದವರೇ, ಅವರು ಬಿಡಿಯಾಗಿ ಕುಳಿತಿದ್ದಾರೆಂದು ಸಾಕ್ಷಿ ನುಡಿಯುವುದು ವಿಚಿತ್ರವಾಗಿದೆ.

ಸರಕಾರದಿಂದ ಇದಕ್ಕೆ ಪರಿಹಾರವಾಗದೆಂದು ಕೈಚೆಲ್ಲತಕ್ಕ ಕಾರಣವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯು ಸಿಗರೇಟಿಗೆ ಬೇಕಾದ ಹೊಗೆಸೊಪ್ಪನ್ನು ಬೆಳೆಯುವ ಸೀಮೆ. ಆ ಬೆಳೆಯಿಂದ ಸಹಸ್ರಾರು ಮನೆಗಳು ಬದುಕುತ್ತಿದ್ದರೂ, 2003ರ ಕಾಯಿದೆಯು ಸಿಗರೇಟಿನ ಜಾಹೀರಾತನ್ನು ನಿಷೇಧಿಸಿತು. ಅದರಿಂದ ಈ ಸೀಮೆ ಮುಳುಗಿಹೋಗಲಿಲ್ಲ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಕೂಡದೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹೇಳಿದೆ. ಮಕ್ಕಳಿಗೆ ಅಪಾಯವೆಂದು ಒಪ್ಪಿದ ಮೇಲೆ, ರೋಗದಿಂದಲೂ ಸಾಲದಿಂದಲೂ ನೊಂದ ಹಿರಿಯರಿಗೆ ಅದು ಹೇಗೆ ನಿರಪಾಯವಾದೀತು? ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾನೂನು, ಅತಿ ದೊಡ್ಡ ಜಾಲತಾಣಗಳು ತಾವು ತೋರಿಸಿದ ಜಾಹೀರಾತುಗಳನ್ನೆಲ್ಲ ಸಾರ್ವಜನಿಕ ಭಂಡಾರದಲ್ಲಿ ಇಡಬೇಕೆಂದು ವಿಧಿಸಿದೆ. ಈ ದೇಶದಲ್ಲಿಯೂ ಟೆಲಿವಿಷನ್ನಿನ ತೆರೆಗೆ ಬರುವ ಪ್ರತಿಯೊಂದು ಜಾಹೀರಾತಿಗೂ ಅಂಥ ಭಂಡಾರವಿರಬೇಕು. ಕೊಟ್ಟವನಾರು, ಯಾವ ಗುಣವನ್ನು ನೋಡಿ ಯಾರಿಗೆ ಕಳುಹಿಸಿದನೆಂಬುದು ಕನ್ನಡದಲ್ಲಿಯೇ ಅಲ್ಲಿ ಬರೆದಿರಬೇಕು. ರೋಗ, ಸಾಲ ಇವುಗಳ ಸುಳಿವನ್ನು ಹಿಡಿದು ಜಾಹೀರಾತನ್ನು ಕಳುಹಿಸುವುದು ಪೂರ್ತಿಯಾಗಿ ನಿಲ್ಲಬೇಕು. ನೋಡುವುದನ್ನು ಗುರುತಿಸುವ ಯಂತ್ರವು ಮನೆಯವರು ಕೇಳಿ ಹಚ್ಚಿದ ಹೊರತು ಹತ್ತಕೂಡದು.

ಕಾನೂನು ಬರುವವರೆಗೆ ವಿದ್ಯಾವಂತ ಗೃಹಸ್ಥರಿಗೂ ಕರ್ತವ್ಯವುಂಟು. ಹೊಸ ಟಿ.ವಿ.ಯನ್ನು ಗೋಡೆಗೆ ತೂಗುಹಾಕಿದ ದಿನವೇ, ಅದು ಕೇಳುವ ಒಪ್ಪಿಗೆಗಳನ್ನು ಓದದೆ ಒತ್ತಬಾರದು. ಒತ್ತಿದ್ದರೆ ಅದರ ಸೆಟ್ಟಿಂಗುಗಳೊಳಗೆ ಹೋಗಿ ಹಿಂತೆಗೆಯಬೇಕು. ತೆರೆಯು ಕೋಣೆಯ ಮೂಲೆಯಿಂದ ಪಡಸಾಲೆಗೆ ಮರಳಬೇಕು. ಒಬ್ಬರೇ ಕಂಡ ಜಾಹೀರಾತನ್ನು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳುವ ವಾಡಿಕೆ ಮನೆಯಲ್ಲಿ ಬೆಳೆಯಬೇಕು. ತಾಲ್ಲೂಕಿನ ಸಂಘಗಳೂ ವಾಚನಾಲಯಗಳೂ ಒಂದು ಪುಸ್ತಕವನ್ನಿಟ್ಟು, ಯಾರ ಮನೆಗೆ ಯಾವ ಜಾಹೀರಾತು ಬಂದಿತೆಂದು ಬಂದವರಿಂದ ಬರೆಸಿಕೊಂಡರೆ, ಒಂದೇ ತಿಂಗಳಲ್ಲಿ ಎಷ್ಟೋ ಸುಳ್ಳುಗಳು ಪಕ್ಕಪಕ್ಕದಲ್ಲಿ ನಿಂತು ಬೆಳಕಿಗೆ ಬರುವುವು. ಖರ್ಚು ಒಂದು ನೋಟುಪುಸ್ತಕದ್ದು. ಸಂತೆಯ ಹತ್ತು ಮಂದಿಯ ಸಾಕ್ಷಿಯು ಹೀಗಾದರೂ ಕೊಳ್ಳುವವನಿಗೆ ಮತ್ತೆ ದೊರೆಯಲಿ.